ಪುಟ್ಟ ಎಂಜಿನ್ನಿನ ಹಣೆದೀಪ: ಒಂದು ರಿಪೇರಿಯ ಚರಿತ್ರೆ

ಮಾದರಿ ರೈಲಿನ ಎಂಜಿನ್ ಸಲೀಸಾಗಿ ಓಡುತ್ತಿರುತ್ತದೆ, ಅದರ ಹಣೆಯ ದೀಪ ಮಾತ್ರ ಹೊತ್ತುವುದಿಲ್ಲ, ಹೊತ್ತಿದರೂ ಮಿಣುಕುತ್ತದೆ. ಈ ದೂರು ಹಳೆಯದು. ಆದರೆ ದೀಪದ ತಂತ್ರಜ್ಞಾನ ಬದಲಾದಾಗಲೆಲ್ಲ ದೋಷ ಅಡಗಿ ಕೂರುವ ಜಾಗವೂ ಬದಲಾಗಿದೆ. ಆ ಜಾಗಗಳನ್ನು ಒಂದೊಂದಾಗಿ ಗುರುತಿಸುತ್ತ ಹೋದರೆ ಈ ರಿಪೇರಿ ವಿದ್ಯೆ ಬೆಳೆದುಬಂದ ಬಗೆ ತಿಳಿಯುತ್ತದೆ.

ಮೊದಲ ಕಾಲ ಬಲ್ಬಿನದು, ಬಲ್ಬಿಗೆ ವಿದ್ಯುತ್ ರೈಲೇ ಬೇಕು. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರ ಲೈಪ್‌ಜಿಗ್ ಮೇಳದಲ್ಲಿ ತೋರಿಸಿದ್ದು ಕೀಲಿ ಕೊಟ್ಟು ಓಡಿಸುವ ರೈಲನ್ನು. 1935ರಲ್ಲಿ ಅದೇ ಕಂಪನಿ ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕ ಗೇಜಿನ ವಿದ್ಯುತ್ ರೈಲನ್ನು ತಂದಿತು. ಬಲ್ಬಿನ ಕಾಲದ ದೋಷಗಳು ಕಣ್ಣಿಗೆ ಕಾಣುವಂಥವು: ಫಿಲಮೆಂಟ್ ತುಂಡಾಗುವುದು, ಓಟದ ಅದುರಿಗೆ ಬಲ್ಬು ಸಡಿಲವಾಗುವುದು, ಹೋಲ್ಡರಿನಲ್ಲಿ ಕಿಲುಬು ಕಟ್ಟುವುದು. ಬಲ್ಬು ಬಿಚ್ಚಿ ಬದಲಿಸಲು ಬೆರಳೇ ಸಾಕಾಗುತ್ತಿತ್ತು.

ಎರಡು ಹಳಿಗಳ 12 ವೋಲ್ಟ್ ಡಿ.ಸಿ. ಪದ್ಧತಿ ಹರಡಿದ ಮೇಲೆ ಹೊಸ ಕೊರತೆ ಎದ್ದು ಕಂಡಿತು. ಹಳಿಯ ವೋಲ್ಟೇಜೇ ವೇಗವನ್ನೂ ಬೆಳಕನ್ನೂ ನಿರ್ಧರಿಸುತ್ತಿದ್ದುದರಿಂದ ರೈಲು ನಿಂತರೆ ದೀಪವೂ ಆರುತ್ತಿತ್ತು. ಹವ್ಯಾಸಿಗಳು ಇದಕ್ಕೆ ಜಾಣ ಉಪಾಯ ಕಂಡುಕೊಂಡರು. ಮೋಟಾರಿನ ಸಾಲಿನಲ್ಲಿ ಎರಡು ಸಿಲಿಕಾನ್ ಡಯೋಡ್ ಕೂರಿಸಿದರೆ ಒಂದೊಂದರ ಮೇಲೆ ಸುಮಾರು 0.7 ವೋಲ್ಟ್ ಉಳಿಯುತ್ತದೆ, ಆ 1.4 ವೋಲ್ಟ್ 1.5 ವೋಲ್ಟಿನ ಪುಟಾಣಿ ಬಲ್ಬಿಗೆ ಸಾಕು. ಎಂಜಿನ್ ಮಿಸುಕುವ ಮೊದಲೇ ದೀಪ ಹೊತ್ತುತ್ತಿತ್ತು, ವೇಗ ಏರಿದರೂ ಬೆಳಕು ಹೆಚ್ಚುಕಡಿಮೆ ಒಂದೇ ಸಮ ಇರುತ್ತಿತ್ತು.

ಅಮೆರಿಕದ ಎಂಜಿನಿಯರ್ ನಿಕ್ ಹೊಲೊನ್ಯಾಕ್ 1962ರಲ್ಲೇ ಕೆಂಪು ಎಲ್‌ಇಡಿಯನ್ನು ಬೆಳಗಿಸಿದ್ದರೂ ಹಣೆದೀಪಕ್ಕೆ ಬಿಳಿ ಬೆಳಕೇ ಬೇಕಿತ್ತು. ವಿಜ್ಞಾನಿಗಳಾದ ಅಕಸಾಕಿ, ಅಮಾನೊ, ನಕಮುರ ಅವರ ನೀಲಿ ಎಲ್‌ಇಡಿ 1990ರ ದಶಕದಲ್ಲಿ ಆ ದಾರಿ ತೆರೆಯಿತು. 2014ರ ನೊಬೆಲ್ ಅವರಿಗೆ ಸಂದದ್ದು ಅದಕ್ಕಾಗಿಯೇ. ಬಲ್ಬಿನ ಕಾವಿಗೆ ಪ್ಲಾಸ್ಟಿಕ್ ಮೈ ಕರಗುವ ಭಯ ತಪ್ಪಿತು. ಬದಲಿಗೆ ಹೊಸ ಎಚ್ಚರಿಕೆಗಳು ಬಂದವು. ಧನ–ಋಣ ಅದಲುಬದಲಾದರೆ ಎಲ್‌ಇಡಿ ಹೊತ್ತುವುದಿಲ್ಲ. ರೆಸಿಸ್ಟರ್ ಇಲ್ಲದಿದ್ದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಹಳಿಯಲ್ಲಿ 14 ವೋಲ್ಟ್ ಇದ್ದರೆ, ಅದರಲ್ಲಿ ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಕಳೆದರೆ 11 ಉಳಿಯುತ್ತದೆ. 1 ಕಿಲೊಓಮ್ ರೆಸಿಸ್ಟರ್ ಹಾಕಿದರೆ ಹರಿಯುವುದು 11 ಮಿಲಿಆಂಪಿಯರ್. ಅಷ್ಟು ಧಾರಾಳವಾಯಿತು.

ಮಿಣುಕಾಟ ಹೆಚ್ಚಿದ್ದೂ ಇದೇ ಕಾಲದಲ್ಲಿ. ಚಕ್ರದ ಕೊಳೆಯಿಂದ ಕರೆಂಟು ಅರೆಗಳಿಗೆ ತಪ್ಪಿದರೂ ಕಾದ ಫಿಲಮೆಂಟ್ ಬೆಳಗುತ್ತಲೇ ಇರುತ್ತಿತ್ತು. ಎಲ್‌ಇಡಿ ಆ ಕೊಳೆಯನ್ನು ಮುಚ್ಚಿಡುವುದಿಲ್ಲ. ಚಕ್ರಗಳನ್ನೂ ಹಳಿಯನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಚಕ್ರದಿಂದ ಕರೆಂಟು ಎತ್ತುವ ತಗಡಿನ ಪಟ್ಟಿಗಳನ್ನು ಸರಿಯಾಗಿ ಬಾಗಿಸಿದರೆ ಎಷ್ಟೋ ಎಂಜಿನ್‌ಗಳು ಅಲ್ಲಿಗೇ ಗುಣವಾಗುತ್ತವೆ.

ಮೂರನೆಯ ತಿರುವು ಡಿಜಿಟಲ್ ಹತೋಟಿ. ಜರ್ಮನಿಯ ಲೆಂಜ್ ಕಂಪನಿಯ ಪದ್ಧತಿಯನ್ನು ಆಧರಿಸಿ ಅಮೆರಿಕದ ಎನ್‌ಎಮ್‌ಆರ್‌ಎ ಎಂಬ ಮಾದರಿ ರೈಲು ಸಂಘ 1990ರ ದಶಕದಲ್ಲಿ ಡಿಸಿಸಿ ಎಂಬ ಡಿಜಿಟಲ್ ಮಾನದಂಡ ರೂಪಿಸಿತು. ಹಳಿಯಲ್ಲಿ ಸದಾ ಪೂರ್ತಿ ವೋಲ್ಟೇಜ್ ಇರುತ್ತದೆ, ದೀಪದ ಆಜ್ಞೆಯನ್ನು ಎಂಜಿನ್ನಿನೊಳಗಿನ ಡಿಕೋಡರ್ ನಡೆಸುತ್ತದೆ. ನೀಲಿ ತಂತಿ ಎಲ್ಲ ದೀಪಗಳಿಗೂ ಧನ, ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನದಕ್ಕೆ: ಈ ಬಣ್ಣಗಳ ಒಪ್ಪಂದ ರಿಪೇರಿಯವರಿಗೆ ಸಿಕ್ಕ ದೊಡ್ಡ ವರ. ಇಲ್ಲಿ ದೋಷ ತಂತಿಯಲ್ಲೇ ಇರಬೇಕೆಂದಿಲ್ಲ. ಹತೋಟಿ ಪೆಟ್ಟಿಗೆ 28 ವೇಗ ಹಂತಗಳಲ್ಲಿ, ಡಿಕೋಡರ್ 14 ಹಂತಗಳಲ್ಲಿ ಮಾತಾಡಿದರೆ ವೇಗ ಬದಲಾದಾಗಲೆಲ್ಲ ದೀಪ ಹೊತ್ತಿ ಆರುತ್ತದೆ. ಮದ್ದು ಇರುವುದು ಸಿ.ವಿ. 29 ಎಂಬ ಸೆಟ್ಟಿಂಗಿನಲ್ಲಿ. ಎಂಜಿನ್ನಿನ ಮೈ ಬಿಚ್ಚುವುದೇ ಬೇಡ.

ಇಂದಿನ 0603 ಎಲ್‌ಇಡಿಯ ಅಳತೆ 1.6 × 0.8 ಮಿಲಿಮೀಟರ್. ಬೆರಳಿನಿಂದ ಆಗುತ್ತಿದ್ದ ಕೆಲಸಕ್ಕೆ ಭೂತಗನ್ನಡಿ, ಸಣ್ಣ ಮೊನೆಯ ಬೆಸುಗೆ ಕಡ್ಡಿ, ಅಲುಗದ ಕೈ ಬೇಕು. ತಯಾರಕರು ದೀಪದ ಹಲಗೆಯನ್ನು ಬಿಚ್ಚಲು ಬರುವಂತೆ ಮಾಡಿ, ಸರ್ಕಿಟ್ ನಕ್ಷೆಯನ್ನೂ ಡಬ್ಬಿಯಲ್ಲಿಡಬೇಕು. ಇಲ್ಲದಿದ್ದರೆ ಸಾಸಿವೆಗಿಂತ ಚಿಕ್ಕ ದೀಪವೊಂದು ಕೆಟ್ಟದ್ದಕ್ಕೆ ಒಳ್ಳೆಯ ಎಂಜಿನ್ ಮೂಲೆ ಸೇರುತ್ತದೆ. ಕರೆಂಟು ಬರುವ ಹಾದಿ ಮಾತ್ರ ಅಂದಿನದೇ: ಹಳಿ, ಚಕ್ರ, ಪಟ್ಟಿ, ಬೆಸುಗೆ, ದೀಪ. ಮಲ್ಟಿಮೀಟರ್ ಹಿಡಿದು ಅದೇ ಕ್ರಮದಲ್ಲಿ ನಡೆದವರಿಗೆ ದೋಷ ಹೆಚ್ಚು ಹೊತ್ತು ಮರೆಯಾಗಿ ಉಳಿಯುವುದಿಲ್ಲ.