ಕೈ ತೋರಿದ ಕಡೆಗೆ ಗುಂಡು

ಜಾತ್ರೆಯಲ್ಲಿ ಬಲೂನಿಗೆ ಗುರಿಯಿಟ್ಟು ಹೊಡೆಯುವುದನ್ನು ನಾವೆಲ್ಲ ಕಂಡವರೇ. ಅದು ಟೀವಿಯೊಳಗೆ ಬಂದ ಕಥೆ ಸ್ವಾರಸ್ಯವಾಗಿದೆ. ಜಪಾನಿನ ಕ್ಯೋಟೋದಲ್ಲಿ 1889ರಲ್ಲಿ ಹೂವಿನ ಚಿತ್ರದ ಇಸ್ಪೀಟು ಎಲೆ ಮಾಡಲು ಹುಟ್ಟಿದ ನಿಂಟೆಂಡೊ ಕಂಪನಿ 1984ರಲ್ಲಿ 'ಡಕ್ ಹಂಟ್' ಎಂಬ ಬಾತುಕೋಳಿ ಬೇಟೆಯ ಆಟ ತಂದಿತು. ಟ್ರಿಗರ್ ಒತ್ತಿದೊಡನೆ ಪರದೆ ಕಪ್ಪಾಗಿ, ಹಕ್ಕಿ ಇದ್ದಲ್ಲಿ ಬಿಳಿ ಚೌಕ ಮಿಂಚುತ್ತಿತ್ತು. ಆ ಬೆಳಕು ಬಂದೂಕಿನ ಕಣ್ಣಿಗೆ ಬಿದ್ದರೆ ಹಕ್ಕಿ ಸತ್ತಂತೆ. ಬಂದೂಕಿನಿಂದ ಹೊರಗೆ ಹೋಗುವುದು ಏನೂ ಇರಲಿಲ್ಲ, ನೋಡಿ!

ಮುಂದೆ, ಆಟದ ವೀರನ ಕಣ್ಣಿನಿಂದಲೇ ನೋಡುತ್ತ ಗುಂಡು ಹಾರಿಸುವ ಆಟಗಳು ಬಂದವು. ಒಂದು ಹೆಬ್ಬೆರಳು ನಡೆಸಬೇಕು, ಇನ್ನೊಂದು ನೋಟ ತಿರುಗಿಸಬೇಕು. ಹುಡುಗರಿಗೆ ಸಲೀಸು, ನಮ್ಮಂಥವರು ಗೋಡೆ ನೋಡುತ್ತ ನಿಲ್ಲುವುದೇ ಹೆಚ್ಚು.

2006ರ ನವೆಂಬರಿನಲ್ಲಿ ನಿಂಟೆಂಡೊದ 'ವೀ' ಬಂತು. ಜತೆಗೇ ಯೂಬಿಸಾಫ್ಟಿನವರ 'ರೆಡ್ ಸ್ಟೀಲ್' ಬಂತು. ಕೈಯಲ್ಲಿ ರಿಮೋಟಿನಂಥ ಕೋಲು. ಅದನ್ನು ತೋರಿದಲ್ಲಿ ಗುರಿ, ಬೀಸಿದರೆ ಕತ್ತಿ. ಟೀವಿಯ ಬಳಿ ಇಡುವ ಪಟ್ಟಿ ಅವಕೆಂಪು ಬೆಳಕನ್ನಷ್ಟೇ ಬೀರುತ್ತದೆ, ನೋಡುವ ಕಣ್ಣು ಕೋಲಿನ ತುದಿಯಲ್ಲಿದೆ. ಪಟ್ಟಿಯ ಬದಲು ಎರಡು ಮೇಣದಬತ್ತಿ ಹಚ್ಚಿಟ್ಟರೂ ನಡೆಯುತ್ತದೆ.

ಅಂಥದೇ ಒಂದು ಆಟವನ್ನು ಅಮೆರಿಕದಿಂದ ರಜೆಗೆ ಬಂದ ತಂಗಿಯ ಮಗ ಅಗಡಿಗೆ ತಂದಿದ್ದ. ಮೆಣಸಿನಕಾಯಿಯ ತೊಟ್ಟು ಬಿಡಿಸಿ ಪಳಗಿದ ನಮ್ಮವ್ವನ ಕೈ ಗುರಿ ತಪ್ಪಲಿಲ್ಲ. ಯಾರೂ ಕಲಿಸಬೇಕಾಗಲಿಲ್ಲ. ಇದೇ ಆ ಆಟಗಳ ದೊಡ್ಡ ಗುಣ. ಆದರೆ ಬೆನ್ನ ಹಿಂದಿನ ವೈರಿಯನ್ನು ನೋಡಬೇಕಾದರೆ ಗುರಿಯನ್ನು ಪರದೆಯ ಅಂಚಿಗೆ ಒಯ್ಯಬೇಕು. ಅಷ್ಟರಲ್ಲಿ ಅವನು ಹೊಡೆದಿರುತ್ತಾನೆ. ಕತ್ತಿಯ ಪಾಡಂತೂ ಕೇಳಬೇಡಿ. ಕೈ ಹೇಗೇ ಬೀಸಲಿ, ಅದು ತನಗೆ ಬರುವ ನಾಲ್ಕಾರು ವರಸೆಗಳಲ್ಲಿ ಒಂದನ್ನು ಹಾಕುತ್ತಿತ್ತು.

"ಅಜ್ಜೀ, ನಿಂಗ ಬರೂದಿಲ್ಲ ಬಿಡು," ಎಂದು ಹುಡುಗ ನಕ್ಕ.

"ನಾ ಅಡ್ಡ ಬೀಸಿದ್ರ ಇದು ಉದ್ದ ಬೀಸತೈತಿ. ನಾ ಅಂದದ್ದು ಇದಕ್ಕ ತಿಳೀವಲ್ದು," ಎಂದು ಅವ್ವ ಕೋಲು ಕೆಳಗಿಟ್ಟಳು.

ಅವಳ ಮಾತೇ ನಿಜವಾಗಿತ್ತು. ಕೋಲಿಗೆ ತಿಳಿಯುತ್ತಿದ್ದುದು ಅಲುಗಾಟದ ರಭಸ. ಕೈಯ ಹೊರಳು ಸರಿಯಾಗಿ ತಿಳಿಯುತ್ತಿರಲಿಲ್ಲ. ಅದನ್ನು ಅಳೆಯುವ ಜೈರೋಸ್ಕೋಪನ್ನು 'ಮೋಷನ್‌ಪ್ಲಸ್' ಎಂಬ ಪುಟ್ಟ ಸಾಧನವಾಗಿ 2009ರಲ್ಲಿ ಜೋಡಿಸಿದರು. 2010ರ 'ರೆಡ್ ಸ್ಟೀಲ್ 2' ಅದಿಲ್ಲದೆ ನಡೆಯುತ್ತಲೇ ಇರಲಿಲ್ಲ.

ಕೊಲ್ಲುವ ಆಟ ಮಕ್ಕಳಿಗೆ ಬೇಕೆ ಎಂಬುದು ಬೇರೆ ಮಾತು. ನನಗೆ ನೆನಪುಳಿದದ್ದು ಇಷ್ಟೇ: ಹೊಸ ಯಂತ್ರದ ಮುಂದೆ ಹೆಂಗಸೊಬ್ಬಳು ತಡವರಿಸಿದರೆ ನಾವು ಮೊದಲು ಅವಳ ಕೈಯನ್ನೇ ದೂರುತ್ತೇವೆ. ಯಂತ್ರಕ್ಕೆ ಆ ಕೈಯ ಮಾತು ತಿಳಿಯಿತೇ ಎಂದು ಕೇಳುವವರು ಕಡಿಮೆ.