ಎಕೋ ಸ್ವಲ್ಪ ಜಾಸ್ತಿ ಕೊಡಿ!

ಕೆ.ಆರ್. ನಗರ ಕಡೆ ಜಾತ್ರೆ ಆಗ್ಲಿ, ಪಿರಿಯಾಪಟ್ಟಣದ ಗಣೇಶನ ಪೆಂಡಾಲ್ ಆಗ್ಲಿ, ಆರ್ಕೆಸ್ಟ್ರಾ ಗಾಯಕರು ಮೈಕ್ ಹಿಡಿದ ತಕ್ಷಣ ಹೇಳೋದು ಇದನ್ನೇ. ಈ ಎಕೋಗೂ ಒಂದು ಹಿಸ್ಟರಿ ಇದೆ.

1957ರಲ್ಲಿ ಜರ್ಮನಿಯ ಇಎಂಟಿ 140 ಬಂತು. ದೊಡ್ಡ ಸ್ಟೀಲ್ ತಗಡನ್ನ ನಡುಗಿಸಿ ದನಿಗೆ ಗುಂಗು ಕೊಡೋ ಯಂತ್ರ, ತೂಕ ಸುಮಾರು 270 ಕೆಜಿ! 1974ರ ರೋಲ್ಯಾಂಡ್ ಸ್ಪೇಸ್ ಎಕೋ ಟೇಪ್ ಸುತ್ತಿಸಿ ದನಿ ಮರುಕಳಿಸ್ತು. 1985ರ ಯಮಹಾ ಎಸ್‌ಪಿಎಕ್ಸ್90 ಎರಡನ್ನೂ ಡಿಜಿಟಲ್ ಮಾಡಿ, 19 ಇಂಚು ರ‍್ಯಾಕ್‌ನ ಒಂದೇ ಖಾನೆಗೆ ಇಳಿಸಿತು.

ಹುಣಸೂರು, ಕೋಟೆ ಕಡೆ ಗಾಯಕರಿಗೆ ಎಕೋ ಅಂದ್ರೆ ದೇವರು. ಗಂಟಲು ಕಟ್ಟಿದ ರಾತ್ರಿ ಅದೇ ಕಾಪಾಡೋದು. ತಬಲಾದವರು ಮಾತ್ರ ಏಟೆಲ್ಲ ಕಲಸಿಹೋಗುತ್ತೆ ಅಂತ ಬೈತಾರೆ. ನಾನು ತಬಲಾದವರ ಕಡೆ. ಯಾಕಂದ್ರೆ ಅದೇ ಎಕೋನ ನೀಲಗಾರರ ತಂಬೂರಿ ಪದಕ್ಕೂ ಹಾಕಿಬಿಡ್ತಾರೆ. ಮಂಟೇಸ್ವಾಮಿ ಕಥೆ ಕೇಳೋಕೆ ಕೂತವರಿಗೆ ಮಾತೇ ಕೇಳಿಸಲ್ಲ.