ಕನ್ನಡಿ ಮುಗಿಯುವ ಮೊದಲೇ: ಡಾ. ವೈನು ಬಪ್ಪು ಅವರ ನೆನಪು



ನೀವು ಶಿರಸಿ, ಸಿದ್ದಾಪುರ ಅಥವಾ ಯಲ್ಲಾಪುರದ ಕಡೆಯವರಾಗಿದ್ದರೆ, ಇಂದು ಸಂಜೆ ಮನೆಗೆ ಹೋದೊಡನೆ ಒಂದು ಕೆಲಸ ಮಾಡಿ. ಐವತ್ತೈದು ವರ್ಷ ದಾಟಿದ ಹಿರಿಯರೊಬ್ಬರನ್ನು ಕರೆದು, ‘1980ರ ಫೆಬ್ರವರಿ 16ರ ಮಧ್ಯಾಹ್ನ ನೀವು ಎಲ್ಲಿದ್ದಿರಿ?’ ಎಂದು ಕೇಳಿ. ತಾರೀಖು ನೆನಪಾಗದಿದ್ದರೆ, ‘ಹಗಲೇ ಕತ್ತಲಾದ ದಿನ’ ಎಂದು ಹೇಳಿ. ಬಹುಶಃ ಅವರ ಮುಖ ಅರಳುತ್ತದೆ.

ಅಂದು ಶನಿವಾರ. ಮೂರೂವರೆ ಗಂಟೆಯ ನಂತರ ಚಂದ್ರನ ನೆರಳು ಅರಬ್ಬೀ ಸಮುದ್ರವನ್ನು ದಾಟಿ ಅಂಕೋಲೆಯ ಕರಾವಳಿಗೆ ಬಂದು, ಘಟ್ಟ ಹತ್ತಿ, ಯಲ್ಲಾಪುರದ ಕಾಡುಗಳ ಮೇಲಿಂದ ಹುಬ್ಬಳ್ಳಿ, ಗದಗ, ರಾಯಚೂರುಗಳತ್ತ ಓಡಿತು. ಯಲ್ಲಾಪುರ ಆ ನೆರಳಿನ ನಡುಗೆರೆಗೆ ತೀರ ಸಮೀಪದಲ್ಲಿತ್ತು. ಶಿರಸಿಯೂ ನೆರಳಿನ ಪಟ್ಟಿಯೊಳಗೇ ಇತ್ತು. ಸಿದ್ದಾಪುರ ಅದರ ದಕ್ಷಿಣದ ಅಂಚಿನ ಕಡೆಗಿತ್ತು. ಅಂಗಳದಲ್ಲಿ ಅಡಿಕೆ ಒಣಗುವ ಕಾಲ ಅದು. ನಡುಗೆರೆಯ ಊರುಗಳಲ್ಲಿ ಎರಡು ನಿಮಿಷಕ್ಕೂ ಮಿಕ್ಕಿ ಸೂರ್ಯ ಪೂರ್ತಿ ಮರೆಯಾದ. ಗ್ರಹಣವೆಂದರೆ ಬಾಗಿಲು ಹಾಕಿ, ಉಪವಾಸವಿದ್ದು, ಮೋಕ್ಷವಾದ ಮೇಲೆ ಸ್ನಾನ ಮಾಡುವ ರೂಢಿ ನಮ್ಮ ಮನೆಗಳಲ್ಲಿ ಬಲವಾಗಿದ್ದ ದಿನಗಳು ಅವು. ನಗರಗಳಲ್ಲಿಯೂ ಸ್ಥಿತಿ ಬೇರೆಯಾಗಿರಲಿಲ್ಲ. ಜನ ಬೀದಿಗಿಳಿದು ಕಣ್ಣು ಕೆಡಿಸಿಕೊಳ್ಳಬಾರದೆಂದು ಅಂದು ಮಧ್ಯಾಹ್ನ ದೂರದರ್ಶನವು ಹಿಂದಿ ಚಲನಚಿತ್ರವೊಂದನ್ನು ಪ್ರಸಾರ ಮಾಡಿತ್ತೆಂದು ಹಿರಿಯ ವೀಕ್ಷಕರು ಈಗಲೂ ನೆನೆಯುತ್ತಾರೆ.

ಆದರೆ ಅದೇ ನೆರಳಿಗಾಗಿ ತಿಂಗಳುಗಟ್ಟಲೆ ಸಿದ್ಧತೆ ಮಾಡಿಕೊಂಡು ಬಯಲಿನಲ್ಲಿ ಕಾದು ಕುಳಿತವರೂ ಇದ್ದರು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಹುಬ್ಬಳ್ಳಿಯ ಸಮೀಪದಲ್ಲಿ ಹಾಗೂ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಶಿಬಿರ ಹೂಡಿದ್ದರು. ಆ ಸಂಸ್ಥೆಯನ್ನು ಕಟ್ಟಿದವರು, ಅದರ ನಿರ್ದೇಶಕರು, ಡಾ. ವೈನು ಬಪ್ಪು. ಅದಾಗಿ ಎರಡೂವರೆ ವರ್ಷಕ್ಕೆ ಅವರು ತೀರಿಕೊಂಡರು. ಅವರನ್ನು ನಿಮಗೆ ಪರಿಚಯ ಮಾಡಿಕೊಡುವುದೇ ಈ ಬರಹದ ಉದ್ದೇಶ.

ಮನಾಲಿ ಕಲ್ಲಟ್ ವೈನು ಬಪ್ಪು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದ್ರಾಸಿನಲ್ಲಿ. ಮನೆತನ ಉತ್ತರ ಮಲಬಾರಿನದು, ಬೆಳೆದದ್ದು ಹೈದರಾಬಾದಿನಲ್ಲಿ. ತಂದೆ ಅಲ್ಲಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದರು. ಹೀಗಾಗಿ ಬಾಲಕನಿಗೆ ದೂರದರ್ಶಕವೆಂದರೆ ಪುಸ್ತಕದ ಚಿತ್ರವಲ್ಲ, ಅಪ್ಪನ ಕೈಯ ಉಪಕರಣ. ನಿಜಾಮ್ ಕಾಲೇಜಿನಲ್ಲಿ ಭೌತವಿಜ್ಞಾನ ಓದಿದ ಅವರು ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು 1949ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಹೋದ ಕೆಲವೇ ತಿಂಗಳಲ್ಲಿ, ತಾವೇ ತೆಗೆದ ಆಕಾಶದ ಛಾಯಾಚಿತ್ರವೊಂದರಲ್ಲಿ ಹೊಸ ಧೂಮಕೇತುವೊಂದನ್ನು ಗುರುತಿಸಿದರು. ಗುರು ಬಾರ್ಟ್ ಬಾಕ್ ಹಾಗೂ ಸಹಪಾಠಿ ಗಾರ್ಡನ್ ನ್ಯೂಕರ್ಕ್ ಅವರ ಹೆಸರುಗಳೂ ಸೇರಿ ಅದಕ್ಕೆ ಬಪ್ಪು–ಬಾಕ್–ನ್ಯೂಕರ್ಕ್ ಧೂಮಕೇತು ಎಂದು ಹೆಸರಾಯಿತು.

ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಓಲಿನ್ ವಿಲ್ಸನ್ ಅವರೊಡನೆ ಮಾಡಿದ ಕೆಲಸ ಅವರ ಹೆಸರನ್ನು ವಿಜ್ಞಾನದಲ್ಲಿ ಸ್ಥಿರಗೊಳಿಸಿತು. ಅದು ನಿಮಗೆ ಕಷ್ಟದ ವಿಷಯವೇನಲ್ಲ. ಅಮಾವಾಸ್ಯೆಯ ರಾತ್ರಿ ತೋಟದಾಚೆಯ ಗುಡ್ಡದಲ್ಲಿ ಒಂದು ಬೆಳಕು ಕಾಣುತ್ತದೆ ಎನ್ನಿ. ಅದು ಹತ್ತಿರದ ಲಾಟೀನೋ, ದೂರದ ಪೆಟ್ರೋಮ್ಯಾಕ್ಸೋ? ನೋಡಿದ ಮಾತ್ರಕ್ಕೆ ಹೇಳಲಾಗದು. ದೀಪ ಎಂಥದೆಂದು ಗೊತ್ತಾದರೆ ಮಾತ್ರ ಅದು ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕಬಹುದು. ನಕ್ಷತ್ರಗಳ ವಿಷಯದಲ್ಲೂ ಇದೇ ಸಮಸ್ಯೆ. ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ನೇರಳೆಯ ಕಡೆಯಲ್ಲಿ ಕ್ಯಾಲ್ಸಿಯಂ ಧಾತುವಿನಿಂದಾದ ಒಂದು ಕಪ್ಪು ಗೆರೆ ಕಾಣುತ್ತದೆ. ಸೂರ್ಯನಿಗಿಂತ ತಂಪಾದ ಅನೇಕ ನಕ್ಷತ್ರಗಳಲ್ಲಿ ಆ ಕಪ್ಪು ಗೆರೆಯ ನಡುವೆ ಸಣ್ಣದೊಂದು ಹೊಳೆಯುವ ಗೆರೆ ಇರುತ್ತದೆ. ಈ ಹೊಳೆಯುವ ಗೆರೆ ಅಗಲವಾದಷ್ಟೂ ನಕ್ಷತ್ರದ ನಿಜವಾದ ಪ್ರಕಾಶ ಹೆಚ್ಚು ಎಂಬುದನ್ನು ಅವರಿಬ್ಬರೂ ತೋರಿಸಿಕೊಟ್ಟರು. ಅಂದರೆ ದೀಪ ಲಾಟೀನೋ ಪೆಟ್ರೋಮ್ಯಾಕ್ಸೋ ಎಂಬುದನ್ನು ಹೇಳುವ ಗುರುತು ಸಿಕ್ಕಿತು. ಅದರಿಂದ ದೂರವೂ ಸಿಕ್ಕಿತು. 1957ರಲ್ಲಿ ಪ್ರಕಟವಾದ ಈ ಸಂಬಂಧವನ್ನು ಇಂದಿಗೂ ‘ವಿಲ್ಸನ್–ಬಪ್ಪು ಪರಿಣಾಮ’ ಎಂದೇ ಕರೆಯುತ್ತಾರೆ.

ಇಷ್ಟು ಹೆಸರು ಮಾಡಿದ ತರುಣ ಜಗತ್ತಿನ ಅತಿ ದೊಡ್ಡ ದೂರದರ್ಶಕಗಳ ಮಗ್ಗುಲಲ್ಲೇ ಉಳಿಯಬಹುದಿತ್ತು. ಅವರು ಹಿಂತಿರುಗಿದರು. ಇಲ್ಲಿ ಇದ್ದದ್ದೇನು? ಹಿಂದಿನದನ್ನು ಸ್ವಲ್ಪ ನೋಡೋಣ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ನಮ್ಮ ದಖ್ಖನಿನ ಮೇಲೆ ಹಾದುಹೋದಾಗ ಯುರೋಪಿನ ವಿಜ್ಞಾನಿಗಳು ಹಡಗಿನಲ್ಲಿ ಉಪಕರಣ ಹೊತ್ತು ಇಲ್ಲಿಗೆ ಬಂದರು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಸೂರ್ಯನ ಜ್ವಾಲೆಗಳ ವರ್ಣಪಟಲವನ್ನು ನೋಡಿದರು. ಆ ಗ್ರಹಣದ ವೀಕ್ಷಣೆಗಳೇ ಮುಂದೆ ಹೀಲಿಯಂ ಧಾತುವಿನ ಪತ್ತೆಗೆ ದಾರಿಯಾದವು. ಆಕಾಶ ನಮ್ಮದು, ನೆಲ ನಮ್ಮದು. ಉಪಕರಣ ಮಾತ್ರ ಬೇರೆಯವರದು. ಸ್ವಾತಂತ್ರ್ಯ ಬಂದ ಮೇಲೂ ಈ ಸ್ಥಿತಿ ಬಹಳ ಬದಲಾಗಿರಲಿಲ್ಲ. ಬಪ್ಪು ಅವರ ಮನಸ್ಸನ್ನು ಕೊರೆದದ್ದು ಇದೇ.

ಅವರು ಮೊದಲು ಉತ್ತರ ಪ್ರದೇಶದ ವೀಕ್ಷಣಾಲಯದ ಹೊಣೆ ಹೊತ್ತು ಅದನ್ನು ವಾರಾಣಸಿಯಿಂದ ನೈನಿತಾಲಿನ ಬೆಟ್ಟಕ್ಕೆ ಒಯ್ದರು. 1960ರಲ್ಲಿ, ತಮ್ಮ ಮೂವತ್ತಮೂರನೆಯ ವಯಸ್ಸಿನಲ್ಲಿ, ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಸೂರ್ಯನ ಅಧ್ಯಯನಕ್ಕೆ ಆ ಹಳೆಯ ವೀಕ್ಷಣಾಲಯ ಹೆಸರಾಗಿತ್ತು. ನಕ್ಷತ್ರಗಳ ಅಧ್ಯಯನಕ್ಕೆ ಬೇರೆ ಜಾಗ ಬೇಕಿತ್ತು. ಮೋಡ ಕಡಿಮೆ, ಊರುಗಳ ಬೆಳಕು ದೂರ, ದಕ್ಷಿಣದ ಆಕಾಶವೂ ಚೆನ್ನಾಗಿ ಕಾಣಬೇಕು. ನಿಮ್ಮ ಘಟ್ಟದ ಮೇಲೆ ಆಕಾಶ ಕಪ್ಪಾಗಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಕಾಣುವುದೇ ಅಪರೂಪ! ಹುಡುಕಿದ ಮೇಲೆ ಅವರು ಆರಿಸಿದ್ದು ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿರುವ ಕಾವಲೂರನ್ನು. ಅಲ್ಲಿಗೂ ಮಳೆ, ಮೋಡ ತಪ್ಪಿದ್ದಲ್ಲ. ಆದರೂ ಒಳ್ಳೆಯ ರಾತ್ರಿಗಳು ಸಾಕಷ್ಟಿದ್ದವು. 1968ರಲ್ಲಿ ಆ ಕಾಡಿನ ನಡುವೆ 38 ಸೆಂಟಿಮೀಟರಿನ ಒಂದು ದೂರದರ್ಶಕ ನಿಂತಿತು. ಅದನ್ನು ತಯಾರಿಸಿದ್ದು ಕೊಡೈಕೆನಾಲಿನ ಅವರದೇ ಕಾರ್ಯಾಗಾರದಲ್ಲಿ. 1972ರಲ್ಲಿ ಜರ್ಮನಿಯಿಂದ 102 ಸೆಂಟಿಮೀಟರಿನದು ಬಂತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರದ ಮುಂದೆ ಹಾದುಹೋಗುವ ವೇಳೆ, ಆ ಗ್ರಹಕ್ಕೆ ಬಳೆಗಳಿವೆ ಎಂಬುದನ್ನು ಸೂಚಿಸುವ ಬೆಳಕಿನ ಇಳಿತವನ್ನು ದಾಖಲಿಸಿದ ಕೆಲವೇ ತಾಣಗಳಲ್ಲಿ ಕಾವಲೂರೂ ಒಂದಾಯಿತು.

1971ರಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಸ್ವಾಯತ್ತ ಸಂಸ್ಥೆಯಾಗಿ ರೂಪುಗೊಂಡಿತು. 1975ರಲ್ಲಿ ಅದರ ಕೇಂದ್ರ ಕಾರ್ಯಾಲಯ ಬೆಂಗಳೂರಿಗೆ ಬಂತು. ಬಪ್ಪು ಅವರ ಬದುಕಿನ ಕೊನೆಯ ವರ್ಷಗಳು ಹೀಗೆ ನಮ್ಮ ನಾಡಿನಲ್ಲೇ ಕಳೆದವು. ಅವರು ಉಪಕರಣ, ಲೆಕ್ಕ, ಕಡತಗಳಲ್ಲೇ ಮುಳುಗಿದ ಮನುಷ್ಯರಲ್ಲ. ಉರ್ದು ಕಾವ್ಯ, ಚಿತ್ರಕಲೆ, ತೋಟಗಾರಿಕೆ ಅವರಿಗೆ ಪ್ರಿಯವಾಗಿದ್ದವು. ವೀಕ್ಷಣಾಲಯದ ಸುತ್ತಲಿನ ಗಿಡಮರಗಳ ಮೇಲೂ ಅವರ ಕಣ್ಣಿರುತ್ತಿತ್ತು. 1979ರಲ್ಲಿ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರು.

ಅವರ ದೊಡ್ಡ ಕನಸು ಬೇರೆಯದಿತ್ತು. 234 ಸೆಂಟಿಮೀಟರ್ ಅಗಲದ ಕನ್ನಡಿಯುಳ್ಳ ದೂರದರ್ಶಕವೊಂದನ್ನು ಕೊಂಡು ತರದೆ ಇಲ್ಲಿಯೇ ತಯಾರಿಸಬೇಕು ಎಂಬುದು ಅದು. ಅಂಥ ಕನ್ನಡಿ ಕಾವಲೂರಿನ 102 ಸೆಂಟಿಮೀಟರಿನದಕ್ಕಿಂತ ಐದು ಪಟ್ಟಿಗೂ ಹೆಚ್ಚು ಬೆಳಕನ್ನು ಹಿಡಿಯುತ್ತದೆ. ಗಾಜಿನ ಬಿಲ್ಲೆಯೊಂದು ಹೊರಗಿನಿಂದ ಬಂತು. ಅದನ್ನು ಉಜ್ಜಿ ಆಕಾರಕ್ಕೆ ತರುವ ಕೆಲಸ ಬೆಂಗಳೂರಿನಲ್ಲಿ, ಎ. ಪಿ. ಜಯರಾಜನ್ ಅವರ ನೇತೃತ್ವದಲ್ಲಿ ನಡೆಯಿತು. ಕನ್ನಡಿಯ ಮೈ ಎಷ್ಟು ನಯವಿರಬೇಕು ಗೊತ್ತೆ? ತಲೆಗೂದಲಿನ ದಪ್ಪದ ನೂರರಲ್ಲೊಂದು ಪಾಲಿನಷ್ಟು ಏರುಪೇರಾದರೂ ನಕ್ಷತ್ರದ ಬಿಂಬ ಕಲಕಿಹೋಗುತ್ತದೆ. ಹೀಗಾಗಿ ಕೆಲವು ಹೊತ್ತು ಉಜ್ಜುವುದು, ನಿಲ್ಲಿಸುವುದು, ಪರೀಕ್ಷಿಸುವುದು, ಮತ್ತೆ ಉಜ್ಜುವುದು. ಅವಸರ ಮಾಡಿದರೆ ಕನ್ನಡಿ ಕೆಟ್ಟಿತು. ಇದು ತಿಂಗಳುಗಳ ಕೆಲಸವಲ್ಲ, ವರ್ಷಗಳ ಕೆಲಸ.

ಆ ಕೆಲಸ ನಡೆಯುತ್ತಿರುವಾಗಲೇ 1982ರ ಆಗಸ್ಟ್ ಬಂತು. ಗ್ರೀಸ್ ದೇಶದ ಪಾತ್ರಾಸ್ ನಗರದಲ್ಲಿ ಖಗೋಳ ಒಕ್ಕೂಟದ ಮಹಾಸಭೆ ಸೇರಬೇಕಿತ್ತು. ಅಧ್ಯಕ್ಷರಾಗಿ ಬಪ್ಪು ಅವರೇ ಅದನ್ನು ನಡೆಸಬೇಕಿತ್ತು. ಆದರೆ ಹೃದಯದ ಶಸ್ತ್ರಚಿಕಿತ್ಸೆಗಾಗಿ ಅವರು ಜರ್ಮನಿಯ ಮ್ಯೂನಿಕ್ ನಗರದ ಆಸ್ಪತ್ರೆ ಸೇರಬೇಕಾಯಿತು. ಆಗಸ್ಟ್ 17ರಂದು ಮಹಾಸಭೆ ಆರಂಭವಾಯಿತು. 19ರಂದು ಅಧ್ಯಕ್ಷರು ಮ್ಯೂನಿಕ್‌ನಲ್ಲಿ ಕೊನೆಯುಸಿರೆಳೆದರು. ಐವತ್ತೈದು ತುಂಬಿ ಒಂಬತ್ತೇ ದಿನಗಳಾಗಿದ್ದವು.

ಬೆಂಗಳೂರಿನ ಕಾರ್ಯಾಗಾರದಲ್ಲಿ ಆ ಸುದ್ದಿ ಕೇಳಿದವರ ಸ್ಥಿತಿಯನ್ನು ಊಹಿಸಿಕೊಳ್ಳಿ. ಕನ್ನಡಿ ಇನ್ನೂ ಮೇಜಿನ ಮೇಲಿತ್ತು. ಕಾವಲೂರಿನಲ್ಲಿ ದೂರದರ್ಶಕ ಇನ್ನೂ ನಿಂತಿರಲಿಲ್ಲ. ನಮ್ಮಲ್ಲಿ ಎಷ್ಟೋ ಯೋಜನೆಗಳು ಒಬ್ಬ ವ್ಯಕ್ತಿಯ ಉತ್ಸಾಹದಿಂದ ಹುಟ್ಟಿ, ಆ ವ್ಯಕ್ತಿಯೊಂದಿಗೇ ಮುಗಿಯುವುದನ್ನು ಕಂಡಿದ್ದೇವೆ. ಊರಿನ ಗ್ರಂಥಾಲಯ, ನಾಟಕ ಮಂಡಳಿ, ಯಕ್ಷಗಾನ ಮೇಳಗಳಲ್ಲಿಯೂ ಇದೇ ಕಥೆ. ಇಲ್ಲಿ ಹಾಗಾಗಲಿಲ್ಲ. ಅವರ ನಂತರ ಡಾ. ಜೆ. ಸಿ. ಭಟ್ಟಾಚಾರ್ಯ ನಿರ್ದೇಶಕರಾದರು. ಕನ್ನಡಿ ಉಜ್ಜುವ ಕೈಗಳು ನಿಲ್ಲಲಿಲ್ಲ. ಕನ್ನಡಿ ಮುಗಿಯಿತು, ದೂರದರ್ಶಕದ ಯಂತ್ರಭಾಗವೂ ನಮ್ಮ ದೇಶದ ಕಾರ್ಖಾನೆಯಲ್ಲೇ ತಯಾರಾಯಿತು. 1985ರಲ್ಲಿ ಅದು ಮೊದಲ ಬಾರಿಗೆ ನಕ್ಷತ್ರದ ಬೆಳಕನ್ನು ಹಿಡಿಯಿತು. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿಯವರು ಕಾವಲೂರಿಗೆ ಬಂದು, ವೀಕ್ಷಣಾಲಯಕ್ಕೂ ದೂರದರ್ಶಕಕ್ಕೂ ವೈನು ಬಪ್ಪು ಅವರ ಹೆಸರನ್ನಿಟ್ಟರು. ಅದುವರೆಗೆ ಭಾರತದಲ್ಲಿ ತಯಾರಾದ ದೂರದರ್ಶಕಗಳಲ್ಲಿ ಅದೇ ಅತಿ ದೊಡ್ಡದು.

ಮಿತ್ರರೆ, ಪಠ್ಯಪುಸ್ತಕ ವಿಜ್ಞಾನಿಯನ್ನು ಅವನ ಸಂಶೋಧನೆಯಿಂದ ಅಳೆಯುತ್ತದೆ. ಧೂಮಕೇತು, ವಿಲ್ಸನ್–ಬಪ್ಪು ಪರಿಣಾಮ, ಇವೆರಡರಿಂದಲೇ ಅವರ ಹೆಸರು ಉಳಿಯುತ್ತಿತ್ತು. ಆದರೆ ಮೂವತ್ತರ ಹೊತ್ತಿಗೇ ಇಷ್ಟನ್ನು ಗಳಿಸಿದ್ದ ಮನುಷ್ಯ, ಉಳಿದ ಇಪ್ಪತ್ತೈದು ವರ್ಷಗಳ ಬಹುಪಾಲನ್ನು ಜಾಗ ಹುಡುಕುವುದಕ್ಕೆ, ಕಾರ್ಯಾಗಾರ ಕಟ್ಟುವುದಕ್ಕೆ, ಇತರರಿಗೆ ಕೆಲಸ ಕಲಿಸುವುದಕ್ಕೆ ಕೊಟ್ಟರು. ಆ ವರ್ಷಗಳಲ್ಲಿ ಅವರದೇ ಸಂಶೋಧನೆ ಇನ್ನಷ್ಟು ನಡೆಯಬಹುದಿತ್ತು ಎಂಬುದೂ ನಿಜವೇ. ಅದು ಅವರು ತೆತ್ತ ಬೆಲೆ. ಅದಕ್ಕೆ ಪ್ರತಿಯಾಗಿ ದೊರೆತದ್ದು, ತಾವಿಲ್ಲದೆಯೂ ಕೆಲಸ ಮುಂದುವರಿಸಬಲ್ಲ ಜನ. ಅವರ ಅಕಾಲ ಮರಣ ಇದನ್ನು ಪರೀಕ್ಷೆಗೆ ಒಡ್ಡಿತು. ಮುಗಿದ ಕನ್ನಡಿ ಅದಕ್ಕೆ ಉತ್ತರವಾಯಿತು.

ಈಗ ಮತ್ತೆ ಯಲ್ಲಾಪುರದ ಆ ಮಧ್ಯಾಹ್ನಕ್ಕೆ ಬರೋಣ. ಬಾಗಿಲು ಹಾಕಿಕೊಂಡವರನ್ನು ನಾವು ಹಳಿಯಬೇಕಾಗಿಲ್ಲ. ಬರಿಗಣ್ಣಿನಿಂದ ಪಾರ್ಶ್ವಗ್ರಹಣವನ್ನು ನೋಡಿದರೆ ದೃಷ್ಟಿಗೆ ಅಪಾಯವೆಂಬುದು ನಿಜ. ತಕ್ಕ ಸೋಸುಗಾಜು ಅಂದು ಹಳ್ಳಿಗಳಿಗೆ ತಲುಪಿಯೂ ಇರಲಿಲ್ಲ. ಆದರೆ ಯಾರಾದರೂ ಒಬ್ಬರು ತಿಳಿಸಿ ಹೇಳಿದ್ದರೆ, ಕಾಗದದಲ್ಲಿ ಸೂಜಿಯಿಂದ ಒಂದು ರಂಧ್ರ ಮಾಡಿ, ಸೂರ್ಯನಿಗೆ ಬೆನ್ನು ಹಾಕಿ, ನೆಲದ ಮೇಲೆ ಬಿದ್ದ ಸೂರ್ಯಬಿಂಬ ಕರಗುವುದನ್ನು ಮನೆಮಂದಿಯೆಲ್ಲ ನೋಡಬಹುದಿತ್ತು. ಅಡಿಕೆ ತೋಟದಲ್ಲಿ ಅದಕ್ಕೆ ಕಾಗದವೂ ಬೇಡ. ಸೋಗೆಗಳ ಸಂದಿಯಿಂದ ಬೀಳುವ ಬಿಸಿಲಿನ ಚುಕ್ಕೆಗಳೇ ಗ್ರಹಣದ ವೇಳೆ ಕುಡುಗೋಲಿನ ಆಕಾರ ತಾಳುತ್ತವೆ. ಆ ಒಬ್ಬರು ಎಲ್ಲ ಊರುಗಳಲ್ಲೂ ಇರಲಿಲ್ಲ. ಮುಂದಿನ ಗ್ರಹಣ ನಿಮ್ಮ ಊರಿನಲ್ಲಿ ಪಾರ್ಶ್ವವಾಗಿಯಾದರೂ ಕಾಣುವಾಗ, ತೋಟದ ನೆರಳಿಗೆ ಮನೆಯವರನ್ನು ಕರೆದೊಯ್ದು ತೋರಿಸುವ ಆ ಒಬ್ಬರು ನೀವಾಗಬಹುದು. ನೀವು ತೋರಿಸಿದ್ದನ್ನು ನಿಮ್ಮ ತಮ್ಮನೋ ತಂಗಿಯೋ ಇನ್ನೊಬ್ಬರಿಗೆ ತೋರಿಸುವಷ್ಟು ಚೆನ್ನಾಗಿ ಕಲಿಸಿಬಿಡಿ.

ಹಿರಿಯರನ್ನು ಕೇಳುವುದನ್ನು ಮಾತ್ರ ಮರೆಯಬೇಡಿ. ಹಗಲೇ ಕತ್ತಲಾದ ಆ ದಿನವನ್ನು ಕಂಡವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ.